ಚಿಲ್ಲರೆಯ ಲೆಕ್ಕ

ನಮ್ಮ ಮೊಮ್ಮಗಳು ಬೇಸಗೆಯ ರಜೆಗೆಂದು ಬೆಂಗಳೂರಿನಿಂದ ಬಂದಿರುವಳು. ವಯಸ್ಸು ಎಂಟು, ಮೂರನೆಯ ತರಗತಿಯನ್ನು ಮುಗಿಸಿರುವಳು, ಹನ್ನೆರಡರವರೆಗಿನ ಮಗ್ಗಿಯನ್ನು ತಡವರಿಸದೆ ಒಪ್ಪಿಸಬಲ್ಲಳು. ಇಂತಹವಳ ಕೈಗೆ ಮೊನ್ನೆ ನೂರು ರೂಪಾಯಿಯ ನೋಟನ್ನು ಕೊಟ್ಟು, ಬೀದಿಯ ಕೊನೆಯ ಅಂಗಡಿಯಿಂದ ಬೆಲ್ಲವನ್ನೂ ಹುರಿಗಡಲೆಯನ್ನೂ ತರಲು ಕಳುಹಿಸಿದೆವು. ಸಾಮಾನು ಬಂದಿತು, ಚಿಲ್ಲರೆಯೂ ಬಂದಿತು. ಚೀಟಿಯಲ್ಲಿ ಅರುವತ್ತಮೂರು ರೂಪಾಯಿ ಎಂದು ಬರೆದಿದ್ದಿತು.

"ಬಾಕಿ ಎಷ್ಟು ಬರಬೇಕಾಗಿತ್ತು, ಮಗು?" ಎಂದು ನಾವು ಕೇಳಿದುದೇ ತಡ, ಅವಳು ಕಾಗದವನ್ನು ತಂದು, ನೂರರ ಕೆಳಗೆ ಅರುವತ್ತಮೂರನ್ನು ಬರೆದು, ಪಕ್ಕದ ಸ್ಥಾನದಿಂದ ಸಾಲ ತೆಗೆದು, ಆ ಸಾಲವನ್ನು ಮರೆತು, ನಲವತ್ತೇಳು ಎಂದಳು. ಕೈಯಲ್ಲಿದ್ದುದಾದರೋ ಮೂವತ್ತೇಳು. "ತಾತ, ಶೆಟ್ಟರು ಹತ್ತು ರೂಪಾಯಿ ಮೋಸ ಮಾಡಿದ್ದಾರೆ!"

"ಅಂಗಡಿಯಲ್ಲಿ ಎಣಿಸಿಕೊಂಡೆಯಾ?"

"ಇಲ್ಲ. ಅವರು ಕೊಟ್ಟರು, ನಾನು ತಂದೆ."

ಮಗುವನ್ನು ದೂಷಿಸುವುದು ನ್ಯಾಯವಲ್ಲ. ಅವಳ ತಂದೆತಾಯಿಗಳು ತರಕಾರಿಯವಳಿಗೂ ಫೋನನ್ನು ತೋರಿಸಿಯೇ ಹಣ ಸಲ್ಲಿಸುವರು. 2016ರಲ್ಲಿ ಈ ಏರ್ಪಾಡು ಬಂದ ಮೇಲೆ ಅನೇಕ ಮನೆಗಳಲ್ಲಿ ಬಾಕಿ ಎಂಬ ಪದಾರ್ಥವೇ ಇಲ್ಲದೆ ಹೋಗಿದೆ. ಅನುಕೂಲವೇನೋ ನಿಜ, ನಾವೂ ಪಿಂಚಣಿಯ ಹಣವನ್ನು ಹಾಗೆಯೇ ವೆಚ್ಚ ಮಾಡುತ್ತಿರುವೆವು. ಆದರೆ ಅವಳ ಬಾಯಿಂದ ಮೋಸವೆಂಬ ಮಾತು ಅಷ್ಟು ಸಲೀಸಾಗಿ ಹೊರಟುದನ್ನು ಕೇಳಿ ನಮ್ಮ ಎದೆ ಸ್ವಲ್ಪ ಅಳುಕಿತು. ಅದಕ್ಕೆ ಕಾರಣವುಂಟು.

1994ನೆಯ ಇಸವಿ. ನಾವು ಆಗ ಒಂದು ಗ್ರಾಮದ ಪ್ರೌಢಶಾಲೆಯಲ್ಲಿ ಸಂಸ್ಕೃತೋಪಾಧ್ಯಾಯರಾಗಿದ್ದೆವು. ಎಂಟನೆಯ ತರಗತಿಯ ಒಬ್ಬ ಹುಡುಗನನ್ನು ಕಾಫಿಪುಡಿಗಾಗಿ ಪೇಟೆಗೆ ಅಟ್ಟಿದೆವು. (ಶಿಷ್ಯರಿಂದ ಮನೆಯ ಚಾಕರಿ ಮಾಡಿಸುವುದು ಸರಿಯೇ ಎಂದು ವಾಚಕರು ಕೇಳಬಹುದು. ಸರಿಯಲ್ಲ.) ಅವನು ತಂದ ಬಾಕಿಯಲ್ಲಿ ನಮ್ಮ ಲೆಕ್ಕಕ್ಕಿಂತ ನಾಲ್ಕು ರೂಪಾಯಿ ಕಡಮೆ ಇದ್ದಿತು. "ಬೆಲೆ ಏರಿದೆಯಂತೆ, ಸಾರ್" ಎಂದನು. ಹೋದ ವಾರ ಕೊಂಡವರು ನಾವೇ. ಒಂದು ವಾರದಲ್ಲಿ ಬೆಲೆ ಏರುವುದುಂಟೇ? ತರಗತಿಯೆಲ್ಲ ಕೇಳುವಂತೆ ಅವನನ್ನು ಗದರಿಸಿದೆವು. ಮರುದಿನ ಅವನು ಎಲ್ಲಿಂದಲೋ ನಾಲ್ಕು ರೂಪಾಯಿ ತಂದು ಮೇಜಿನ ಮೇಲೆ ಇಟ್ಟು, ಮಾತನಾಡದೆ ಹೋಗಿ ಕುಳಿತನು. ನಾವು ಅದನ್ನು ತಪ್ಪೊಪ್ಪಿಗೆಯೆಂದೇ ತಿಳಿದು ಜೇಬಿಗೆ ಹಾಕಿಕೊಂಡೆವು!

ಆ ವರ್ಷದ ಜೂನ್, ಜುಲೈ ತಿಂಗಳುಗಳಲ್ಲಿ ಬ್ರೆಜಿಲ್ ದೇಶದಲ್ಲಿ ಹಿಮ ಬಿದ್ದು ಕಾಫಿಯ ತೋಟಗಳು ಕರಟಿದ್ದುವು. ಲೋಕದಲ್ಲೆಲ್ಲ ಕಾಫಿಯ ಬೆಲೆ ಏರಿದ್ದಿತು. ಎರಡು ವಾರಗಳ ಬಳಿಕ ನಾವೇ ಅಂಗಡಿಗೆ ಹೋದಾಗ ತಿಳಿಯಿತು, ಹುಡುಗನ ಬಾಕಿ ಕಾಸಿಗೆ ಕಾಸು ಸರಿಯಾಗಿದ್ದಿತೆಂದು. ಅವನ ತಾಯಿ ಕೂಲಿಗೆ ಹೋಗಿ ಜೀವಿಸುವವಳು. ಆ ನಾಲ್ಕು ರೂಪಾಯಿ ಯಾವ ಡಬ್ಬಿಯಿಂದ ಬಂದಿತೋ!

ಇದನ್ನು ಮೊಮ್ಮಗಳಿಗೆ ಹೇಳಬೇಕೆಂದು ಬಾಯಿ ತೆರೆದವರು, ಮೊದಲು ಲೆಕ್ಕ ತೀರಲಿ ಎಂದು ಸುಮ್ಮನಾದೆವು. ಅವಳು ತಂದ ಚಿಲ್ಲರೆಯನ್ನು ಜಗುಲಿಯ ಮೇಲೆ ಹರಡಿ, ಕಾಗದವನ್ನು ಪಕ್ಕಕ್ಕಿಡಿಸಿದೆವು. ಅಂಗಡಿಯವರು ಕಳೆಯುವುದಿಲ್ಲ, ಕೂಡುತ್ತಾರೆ. ಸಾಮಾನಿನ ಬೆಲೆಯಿಂದ ಹೊರಟು ಕೊಟ್ಟ ನೋಟಿನವರೆಗೆ ಮೆಟ್ಟಲು ಹತ್ತುವುದೇ ಅವರ ಕ್ರಮ. "ಅರುವತ್ತಮೂರು ನಿನ್ನ ಚೀಲದಲ್ಲಿದೆ. ಎರಡರ ನಾಣ್ಯ ಹಾಕು." "ಅರುವತ್ತೈದು." "ಐದರದು." "ಎಪ್ಪತ್ತು." ಹತ್ತರ ನೋಟಿಗೆ ಎಂಬತ್ತು, ಇಪ್ಪತ್ತರ ನೋಟಿಗೆ ನೂರು. ಅವಳು ಒಂದು ಕ್ಷಣ ಬೆರಗಾಗಿ ನೋಡಿ, ಎಲ್ಲವನ್ನೂ ಬಾಚಿ ಮತ್ತೊಮ್ಮೆ ತಾನೇ ಎಣಿಸಿದಳು. ಶೆಟ್ಟರು ನಿರಪರಾಧಿಗಳಾದರು.

ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ಲೀಲಾವತಿಯು ನಾಣ್ಯಗಳ ಕೋಷ್ಟಕದಿಂದಲೇ ತೊಡಗುವುದು: ಇಪ್ಪತ್ತು ಕವಡೆಗೆ ಒಂದು ಕಾಕಿಣಿ, ನಾಲ್ಕು ಕಾಕಿಣಿಗೆ ಒಂದು ಪಣ, ಹದಿನಾರು ಪಣಕ್ಕೆ ಒಂದು ದ್ರಮ್ಮ, ಹದಿನಾರು ದ್ರಮ್ಮಕ್ಕೆ ಒಂದು ನಿಷ್ಕ. ನಾವು ಇದನ್ನು ಹದಿನಾರನೆಯ ವಯಸ್ಸಿನಲ್ಲಿ ಕಂಠಸ್ಥ ಮಾಡಿದ್ದೆವು. ಆದರೂ ಸಂತೆಯಲ್ಲಿ ಬಾಕಿ ಎಣಿಸಲು ಕಲಿಸಿದವರು ನಮ್ಮ ತಾಯಿ. 1957ರಲ್ಲಿ ನಯಾಪೈಸೆ ಬಂದ ಮೇಲೂ ಅವರು ಇಪ್ಪತ್ತೈದು ಪೈಸೆಯನ್ನು ನಾಲ್ಕಾಣೆಯೆಂದೇ, ಐವತ್ತನ್ನು ಎಂಟಾಣೆಯೆಂದೇ ಕರೆಯುತ್ತಿದ್ದರು. ಓದು ಬಾರದ ಆ ತಾಯಿಯನ್ನು ಯಾವ ವ್ಯಾಪಾರಿಯೂ ವಂಚಿಸಲಾರದೆ ಹೋದನು. ಆ ನಾಲ್ಕಾಣೆಯ ಚಲಾವಣೆಯು 2011ರ ಜೂನ್ 30ಕ್ಕೆ ನಿಂತುಹೋಯಿತು. ನಾಲ್ಕಾರು ಬಿಲ್ಲೆಗಳು ನಮ್ಮ ಡಬ್ಬಿಯಲ್ಲಿ ಇನ್ನೂ ಇವೆ.

ತಾಯಂದಿರಿಗೆ ನಮ್ಮದೊಂದು ವಿಜ್ಞಾಪನೆ. ಈ ಪಾಠಕ್ಕೆ ಆಟಿಕೆಯ ಕಾಗದದ ನೋಟುಗಳು ಬೇಡ. ನಿಜವಾದ ದುಡ್ಡನ್ನೇ ಕೊಡಿರಿ. ಒಂದು, ಎರಡು ರೂಪಾಯಿಯ ನಾಣ್ಯಗಳು ಈಗ ದೊಡ್ಡವರ ಕಣ್ಣನ್ನೂ ಮೋಸಗೊಳಿಸುವಷ್ಟು ಒಂದನ್ನೊಂದು ಹೋಲುತ್ತವೆ. ಅಂಕಿಯನ್ನು ಓದಿಯೇ ನಂಬಬೇಕು. ನೋಟಿನ ಹಿಂಬದಿಯಲ್ಲಿ ಹದಿನೈದು ಭಾಷೆಗಳ ಸಾಲುಗಳಿವೆ, ನಾಲ್ಕನೆಯದು ಕನ್ನಡ. ಮೊಮ್ಮಗಳು ಅದನ್ನು ತಾನೇ ಹುಡುಕಿ ಓದಿದಳು. ಸಂಸ್ಕೃತದ ಸಾಲನ್ನು ನಾವು ತೋರಿಸಿದೆವು. ಒಂದು ದಿನ ಅಂಗಡಿಯವರು ಚಿಲ್ಲರೆಯಿಲ್ಲವೆಂದು ಮಿಠಾಯಿ ಕೊಟ್ಟರೆ ಏನು ಮಾಡುವುದೆಂದು ಅವಳು ಕೇಳಿದಳು. ಇದಕ್ಕೆ ಭಾಸ್ಕರಾಚಾರ್ಯರಲ್ಲಿಯೂ ಉತ್ತರವಿಲ್ಲ.

ಸಂಜೆ ಅವಳನ್ನು ಕೂಡಿಕೊಂಡು ಅಂಗಡಿಯ ಕಡೆಗೆ ನಡೆಯುತ್ತಿರುವಾಗ ಕಾಫಿಪುಡಿಯ ವೃತ್ತಾಂತವನ್ನು ಮರೆಮಾಚದೆ ಹೇಳಿದೆವು. ಅವಳು ಬಹಳ ದೂರ ಸುಮ್ಮನೆ ಬಂದಳು.

"ಆ ಹುಡುಗನಿಗೆ ದುಡ್ಡು ವಾಪಸು ಕೊಟ್ಟೆಯಾ, ತಾತ?"

"ಕೊಟ್ಟೆವು. ತರಗತಿಯಲ್ಲಿಯೇ, ಎಲ್ಲರ ಎದುರಿಗೆ, ತಪ್ಪು ನಮ್ಮದೆಂದು ಹೇಳಿ ಕೊಟ್ಟೆವು."

"ಅವನು ಏನೆಂದ?"

"ಏನೂ ಎನ್ನಲಿಲ್ಲ. ಎಣಿಸಿಕೊಂಡನು."