ಅಜ್ಜಿಯ ಹಾಡೂ ಅಂಗೈಯ ಯಂತ್ರವೂ

ಒಂದು ಪಾತ್ರೆಯಿಂದ ಇನ್ನೊಂದು ಪಾತ್ರೆಗೆ ಸುರಿಯುವಾಗ ಸ್ವಲ್ಪವಾದರೂ ನಷ್ಟವಾಗದೆ ಇರುವುದಿಲ್ಲವೆಂಬುದನ್ನು ಗೃಹಿಣಿಯರು ಬಲ್ಲರು. ತುಪ್ಪವಾದರೆ ಅಂಚಿಗೆ ಅಂಟಿಕೊಂಡದ್ದು ಕಣ್ಣಿಗೆ ಕಾಣುತ್ತದೆ. ಬೆರಳಿನಿಂದ ಬಳಿದು ತೆಗೆಯಬಹುದು. ಚಲಿಸುವ ಚಿತ್ರಗಳನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಸುರಿಯುವಾಗ ಚೆಲ್ಲಿದ್ದು ಕಾಣುವುದಿಲ್ಲ. ಕಾಣುವ ಹೊತ್ತಿಗೆ ವರ್ಷಗಳು ಕಳೆದಿರುತ್ತವೆ. ಇದನ್ನು ನಾವು ಬಹಳ ತಡವಾಗಿ ಕಲಿತೆವು. ಕಲಿತ ಬಗೆಯನ್ನು ವಾಚಕರಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ನಮ್ಮ ಅಕ್ಕನ ವಿವಾಹವು 1994ನೆಯ ಇಸವಿಯ ವೈಶಾಖದಲ್ಲಿ, ತೀರ್ಥಹಳ್ಳಿಗೆ ಸಮೀಪದ ನಮ್ಮ ಹಳೆಯ ಮನೆಯ ಅಂಗಳದಲ್ಲಿ ಜರುಗಿತು. ಒಬ್ಬನು ಹೆಗಲ ಮೇಲೆ ಕ್ಯಾಮರಾ ಹೊತ್ತು, ಅವನ ಹಿಂದೆ ಹುಡುಗನೊಬ್ಬನು ಕಣ್ಣು ಕೋರೈಸುವ ದೀಪವನ್ನು ಎತ್ತಿ ಹಿಡಿದು, ಇಬ್ಬರೂ ಮಂಟಪದ ಸುತ್ತ ತಿರುಗುತ್ತಿದ್ದರು. ಆ ದೀಪದ ಝಳವನ್ನು ತಾಳಲಾರದೆ ಪುರೋಹಿತರು ಎರಡು ಸಲ ಗದರಿಸಿದ್ದು ನಮಗೆ ಇನ್ನೂ ನೆನಪಿದೆ. ಹೀಗೆ ಸಿದ್ಧವಾದದ್ದು ಮೂರು ಗಂಟೆಯ ಒಂದು ವಿ.ಎಚ್.ಎಸ್. ಕ್ಯಾಸೆಟ್ಟು. ಹಸೆಗೆ ಕರೆಯುವ ಹೊತ್ತಿನಲ್ಲಿ ನಮ್ಮ ಅಜ್ಜಿ, ಎಂದರೆ ತಾಯಿಯ ತಾಯಿ, ಕಂಬಕ್ಕೆ ಒರಗಿ ಕುಳಿತು ತೊಡೆಯ ಮೇಲೆ ತಾಳ ಹಾಕುತ್ತಾ ಹಾಡಿದ ಒಂದು ಹಾಡು ಅದರಲ್ಲಿ ನಾಲ್ಕು ನಿಮಿಷಗಳಷ್ಟು ಉಂಟು. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆ ಹಾಡನ್ನು ಬರೆದಿಟ್ಟವರಿಲ್ಲ. ಅವರ ಅತ್ತೆಯವರಿಂದ ಕಲಿತದ್ದಂತೆ. 2009ರಲ್ಲಿ ಅಜ್ಜಿ ತೀರಿಕೊಂಡರು. ಹಾಡಿನ ಮೊದಲೆರಡು ನುಡಿಗಳು ಮಾತ್ರ ನಮ್ಮ ತಾಯಿಯವರ ಬಾಯಲ್ಲಿ ಉಳಿದಿದ್ದವು.

2003ರ ಸುಮಾರಿಗೆ, ಕ್ಯಾಸೆಟ್ಟು ನೋಡುವ ಯಂತ್ರ ಕೆಟ್ಟು ಕುಳಿತಾಗ, ಪಟ್ಟಣದ ಸ್ಟುಡಿಯೋ ಒಂದಕ್ಕೆ ಕೊಟ್ಟು ಮದುವೆಯನ್ನೆಲ್ಲಾ ಮೂರು ವಿ.ಸಿ.ಡಿ. ಬಿಲ್ಲೆಗಳಿಗೆ ಇಳಿಸಿಕೊಂಡೆವು. ಒಂದು ಬಿಲ್ಲೆಗೆ ಎಪ್ಪತ್ತನಾಲ್ಕರಿಂದ ಎಂಬತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಯದು, ಆದುದರಿಂದ ಮೂರು. ಇನ್ನು ಚಿಂತೆಯಿಲ್ಲವೆಂದು ಕ್ಯಾಸೆಟ್ಟನ್ನು ಯಾರಿಗೋ ಕೊಟ್ಟೆವು. ಯಾರಿಗೆಂಬುದು ಈಗ ಜ್ಞಾಪಕವಿಲ್ಲ. 2008ರಲ್ಲಿ ನಮ್ಮ ಕೈಗೆ ಚಿತ್ರ ತೋರಿಸುವ ಮೊಬೈಲ್ ಫೋನು ಬಂದಿತು. ಆಗ ಊರೂರಿನಲ್ಲಿ ಮೊಬೈಲ್ ಅಂಗಡಿಗಳಿದ್ದವು. ಇಪ್ಪತ್ತೋ ಮೂವತ್ತೋ ರೂಪಾಯಿ ಕೊಟ್ಟರೆ ಮೆಮೊರಿ ಕಾರ್ಡಿನ ತುಂಬ ಹಾಡುಗಳನ್ನು ತುಂಬಿಕೊಡುತ್ತಿದ್ದರು. ಅಂಥ ಅಂಗಡಿಯ ಹುಡುಗನೊಬ್ಬನು ನಮ್ಮ ಮೂರು ಬಿಲ್ಲೆಗಳನ್ನೂ ಅರೆದು, ಕಿರುಬೆರಳಿನ ಉಗುರಿನಷ್ಟು ಕಾರ್ಡಿನಲ್ಲಿ ಅಡಗಿಸಿಕೊಟ್ಟನು. ನಾವು ಹಿಗ್ಗಿದೆವು. ಬಿಲ್ಲೆಗಳನ್ನು ಏನು ಮಾಡಿದೆವೆಂಬುದನ್ನು ಬರೆಯಲು ನಾಚಿಕೆಯಾಗುತ್ತದೆ. ಹಿತ್ತಿಲಿನಲ್ಲಿ ಹೀರೆ, ಅವರೆ ಹಾಕಿದ್ದೆವು; ಹೊಳೆಯುವ ವಸ್ತು ತೂಗಾಡುತ್ತಿದ್ದರೆ ಹಕ್ಕಿಗಳು ಹತ್ತಿರ ಸುಳಿಯುವುದಿಲ್ಲವೆಂದು ಯಾರೋ ಹೇಳಿದರು. ಅಕ್ಕನ ಧಾರೆ, ಅಜ್ಜಿಯ ಹಾಡು, ಬೀಗರ ಊಟ ಮೂರೂ ಚಪ್ಪರದ ಗಳುವಿನಲ್ಲಿ ದಾರ ಕಟ್ಟಿಸಿಕೊಂಡು ಎರಡು ಮಳೆಗಾಲ ತೂಗಾಡಿದವು. ಹಕ್ಕಿಗಳೇನೋ ಬಂದೇ ಬಂದವು.

ಕಳೆದ ವರ್ಷ ನಮ್ಮ ತಾಯಿಯವರ ಎರಡೂ ಕಣ್ಣುಗಳ ಪೊರೆ ತೆಗೆಸಿದುದಾಯಿತು. ಕಣ್ಣು ತಿಳಿಯಾದ ಸಂತೋಷಕ್ಕೆ ಅಕ್ಕನ ಮಗನು ಅವರಿಗೆ ದೊಡ್ಡ ಪರದೆಯ ಫೋನೊಂದನ್ನು ತಂದುಕೊಟ್ಟನು. ನಾಲ್ಕು ದಿನ ಕಳೆದ ಮೇಲೆ ಅವರು ನಮ್ಮನ್ನು ಕರೆದು, "ಅಲ್ಲಪ್ಪಾ, ಇಷ್ಟೆಲ್ಲಾ ತೋರಿಸುತ್ತಲ್ಲ ಇದು, ನಮ್ಮಮ್ಮ ಹಾಡಿದ್ದನ್ನು ತೋರಿಸುತ್ತದೆಯೇ? ಮುಖ ನೋಡಿ ಬಹಳ ದಿನವಾಯಿತು," ಎಂದರು. ತೋರಿಸದೆ ಏನು ಎಂದು ನಾವು ಧೈರ್ಯವಾಗಿ ಹೇಳಿ, ಹಳೆಯ ಕಾರ್ಡನ್ನು ಹುಡುಕಿ ತೆಗೆದು, ಅದರೊಳಗಿನ ಫೈಲನ್ನು ಹೊಸ ಫೋನಿಗೆ ಸಾಗಿಸಿದೆವು. ಒತ್ತಿದರೆ, ಈ ಫೈಲನ್ನು ತೆರೆಯಲಾಗುವುದಿಲ್ಲ ಎಂಬ ಒಕ್ಕಣೆ ಬಂದಿತು.

ಫೈಲಿನ ಹೆಸರಿನ ಬಾಲದಲ್ಲಿ '3ಜಿಪಿ' ಎಂದಿತ್ತು. ಹೊಸ ಫೋನಿನ ಚಿತ್ರಗಳ ಬಾಲವೆಲ್ಲಾ 'ಎಂಪಿ4'. ಇಷ್ಟೇ ತಾನೇ ಎಂದು ನಾವು ಬಾಲವನ್ನು ತಿದ್ದಿ ಬರೆದೆವು! ಉಪ್ಪಿನ ಡಬ್ಬಿಯ ಮೇಲೆ ಸಕ್ಕರೆಯೆಂದು ಚೀಟಿ ಅಂಟಿಸಿ ಪಾಯಸಕ್ಕೆ ಸುರಿದಂತಾಯಿತು. ಅಕ್ಕನ ಮಗನು ಕಂಡು ಬಹಳ ಹೊತ್ತು ನಕ್ಕನು. ಆಮೇಲೆ ಅವನು ತಿಳಿಸಿಕೊಟ್ಟದ್ದನ್ನೂ, ನಾವಾಗಿ ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಹೇಳುತ್ತೇವೆ. ಇಂಥ ತೊಡಕು ಅನೇಕ ಮನೆಗಳಲ್ಲಿ ಇದೆಯೆಂದು ನಮ್ಮ ಊಹೆ.

3ಜಿಪಿ, ಎಂಪಿ4, ಎವಿಐ, ಎಂಕೆವಿ ಎಂಬಿವೆಲ್ಲಾ ಡಬ್ಬಿಗಳ ಹೆಸರುಗಳು. ಡಬ್ಬಿಯ ಒಳಗೆ ಚಿತ್ರ ಬೇರೆ, ಶಬ್ದ ಬೇರೆ ಇದ್ದು, ಒಂದೊಂದೂ ಒಂದೊಂದು ಲಿಪಿಯಲ್ಲಿ ಬರೆಯಲ್ಪಟ್ಟಿರುತ್ತದೆ. ಈ ಲಿಪಿಗೆ ಕೋಡೆಕ್ ಎಂದು ಹೆಸರು. ಫೋನು ಯಾವ ಲಿಪಿಯನ್ನು ಓದಬಲ್ಲುದೋ ಅದನ್ನು ಮಾತ್ರ ತೋರಿಸೀತು. 2003ರಲ್ಲಿ ಬಂದ ಎಚ್. 264 ಎಂಬ ಲಿಪಿಯನ್ನು ಈಗಿನ ಫೋನುಗಳೆಲ್ಲವೂ ಬಹುಮಟ್ಟಿಗೆ ಸರಾಗವಾಗಿ ಓದುತ್ತವೆ. ಅದಕ್ಕಾಗಿ ಫೋನಿನೊಳಗಿನ ಚಿಪ್ಪಿನಲ್ಲಿಯೇ ಪ್ರತ್ಯೇಕವಾದ ಏರ್ಪಾಡು ಇರುತ್ತದೆ. ಹಳೆಯ ಲಿಪಿಗಳನ್ನು ಓದಬೇಕಾದರೆ ವಿ.ಎಲ್.ಸಿ.ಯಂಥ ಸಾಧನ ಬೇಕು. ಇದು 1996ರಲ್ಲಿ ಪ್ಯಾರಿಸ್ಸಿನ ಒಂದು ಇಂಜಿನಿಯರಿಂಗ್ ವಿದ್ಯಾಶಾಲೆಯ ವಿದ್ಯಾರ್ಥಿಗಳು ಆರಂಭಿಸಿದ ಕಾರ್ಯದಿಂದ ಬೆಳೆದು ಬಂದದ್ದು, ಕಾಸು ಕೇಳುವುದಿಲ್ಲ, ಯಾವ ಹಳೆಯ ಫೈಲನ್ನು ಕೊಟ್ಟರೂ ಬಹುತೇಕ ಓದಿಬಿಡುತ್ತದೆ. ನಮ್ಮದನ್ನೂ ಓದಿತು.

ಓದಿತೆಂದರೆ ಏನು ಹೇಳೋಣ! ದೊಡ್ಡ ಪರದೆಯ ಮೇಲೆ ಬಣ್ಣಬಣ್ಣದ ಚೌಕಗಳು ಅಲುಗಾಡುತ್ತಿದ್ದವು. ಅಜ್ಜಿಯ ಮುಖವಿರಬೇಕಾದ ಕಡೆ ಹತ್ತಾರು ಚುಕ್ಕೆಗಳು. ನಾದಸ್ವರದ ಧ್ವನಿಯು ನೀರಿನಲ್ಲಿ ಮುಳುಗಿದವನು ಕೂಗಿದಂತೆ ಕೇಳಿಸುತ್ತಿತ್ತು. ತಾಯಿಯವರು ಕನ್ನಡಕವನ್ನು ಹಾಕಿ ನೋಡಿದರು, ತೆಗೆದು ನೋಡಿದರು. "ಕಣ್ಣಿನದೇ ದೋಷವೇನೋ," ಎಂದು ಫೋನನ್ನು ನಮ್ಮ ಕೈಗೆ ಕೊಟ್ಟರು. ಅದು ಅವರ ಕಣ್ಣಿನ ದೋಷವಲ್ಲವೆಂದು ನಮಗೆ ಗೊತ್ತಿತ್ತು.

ಲೆಕ್ಕವು ಹೀಗಿದೆ. ಟೆಲಿವಿಷನ್ನಿನ ಅಳತೆಯ ಒಂದು ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576, ಅಂತು 4,14,720 ಚುಕ್ಕೆಗಳು. ಕ್ಷಣವೊಂದಕ್ಕೆ 25 ಚಿತ್ರಗಳು. ಇದನ್ನು ಇದ್ದಂತೆಯೇ ಬರೆದಿಡುವುದಾದರೆ ಗಂಟೆಯೊಂದಕ್ಕೆ ಸುಮಾರು 56 ಜಿ.ಬಿ. ಬೇಕಾಗುತ್ತದೆ. ಆದುದರಿಂದ ಯಂತ್ರವು ಉಪಾಯ ಮಾಡುತ್ತದೆ. ಒಂದು ಚಿತ್ರವನ್ನು ಪೂರ್ತಿಯಾಗಿ ಬರೆದು, ಮುಂದಿನವುಗಳಲ್ಲಿ ಅಲುಗಾಡಿದ್ದನ್ನು ಮಾತ್ರ ಬರೆಯುತ್ತದೆ: ಕಂಬ ಅಲುಗುವುದಿಲ್ಲ, ಗೋಡೆ ಅಲುಗುವುದಿಲ್ಲ, ಅಜ್ಜಿಯ ಕೈ ಮಾತ್ರ ಅಲುಗುತ್ತದೆ. ಅಲ್ಲದೆ, ಮನುಷ್ಯನ ಕಣ್ಣು ಗಮನಿಸಲಾರದೆಂದು ತಾನು ನಿಶ್ಚಯಿಸಿದ ಸೂಕ್ಷ್ಮಗಳನ್ನು ಬಿಟ್ಟುಬಿಡುತ್ತದೆ. ಬಿಟ್ಟದ್ದು ಹೋಯಿತು. ಒಂದು ಲಿಪಿಯಿಂದ ಇನ್ನೊಂದಕ್ಕೆ ಬದಲಾಯಿಸಿದಾಗಲೆಲ್ಲಾ ಇನ್ನಷ್ಟು ಬಿಡುತ್ತದೆ. ವಿ.ಸಿ.ಡಿ.ಗೆ ಇಳಿದಾಗ ಚಿತ್ರದ ಅಳತೆ 352ಕ್ಕೆ 288 ಆಯಿತು; ಅಂಗಡಿಯ ಹುಡುಗನ ಕೈಯಲ್ಲಿ 176ಕ್ಕೆ 144. ಎಂದರೆ 25,344 ಚುಕ್ಕೆಗಳು: ಮೊದಲಿನದರ ಹದಿನಾರನೆಯ ಒಂದು ಪಾಲೂ ಇಲ್ಲ. ಶಬ್ದಕ್ಕಾದ ಗತಿ ಇನ್ನೂ ಕಠಿನ. 3ಜಿಪಿಯಲ್ಲಿ ಶಬ್ದಕ್ಕೆ ಎ.ಎಂ.ಆರ್. ಎಂಬ ಲಿಪಿಯನ್ನು ಬಳಸಿದ್ದನು. ಅದು ಟೆಲಿಫೋನಿನಲ್ಲಿ ಮಾತನಾಡುವುದಕ್ಕೆಂದೇ ರಚಿತವಾದದ್ದು. ಒಬ್ಬನ ಗಂಟಲಿನ ಮಾತನ್ನು ಚೆನ್ನಾಗಿ ಹಿಡಿಯುತ್ತದೆ, ವಾದ್ಯದ ನಾದವನ್ನೂ ಮೇಲಿನ ಸ್ಥಾಯಿಯ ಸೂಕ್ಷ್ಮ ದನಿಗಳನ್ನೂ ಹಿಡಿಯುವುದಿಲ್ಲ. ಹುಡುಗನನ್ನು ದೂರುವಂತಿಲ್ಲ. ನಮ್ಮ ಆಗಿನ ಫೋನಿನ ಪರದೆಗೆ ಅಷ್ಟೇ ಸಾಕಾಗಿತ್ತು, ಅವನು ಕೇಳಿದ್ದನ್ನು ಕೊಟ್ಟನು. ಬಿಲ್ಲೆಗಳನ್ನು ಚಪ್ಪರಕ್ಕೆ ಕಟ್ಟಿದವರು ನಾವು.

ಆದರೂ ಆಶೆ ಬಿಡಲಿಲ್ಲ. ಸಣ್ಣದನ್ನು ದೊಡ್ಡದು ಮಾಡಿ ಎಂಪಿ4ಕ್ಕೆ ಬದಲಾಯಿಸಿ ನೋಡೋಣವೆಂದು ಫೋನಿನಲ್ಲಿಯೇ ಒಂದು ಪರಿವರ್ತಕವನ್ನು ಹಾಕಿಕೊಂಡೆವು. (ಇಂಥವು ಹೇರಳವಾಗಿ ಸಿಕ್ಕುತ್ತವೆ; ಕೆಲಸಕ್ಕಿಂತ ಜಾಹೀರಾತಿನ ಡಂಗುರವೇ ಹೆಚ್ಚು.) ಫೋನು ದೋಸೆಯ ಕಾವಲಿಯಂತೆ ಕಾಯಿತು, ಬ್ಯಾಟರಿ ಅರ್ಧಕ್ಕೆ ಇಳಿಯಿತು, ಫೈಲು ಎಂಟು ಪಾಲು ದೊಡ್ಡದಾಯಿತು. ಅಜ್ಜಿಯ ಮುಖ ಮಾತ್ರ ಹಾಗೆಯೇ ಇತ್ತು. ಮಜ್ಜಿಗೆಗೆ ನೀರು ಬೆರೆಸಿ ಕೊಡ ತುಂಬಿಸಬಹುದು, ಅದು ಹಾಲಾಗುವುದುಂಟೇ?

ಆಗ ಅಕ್ಕನ ಮಗನು ಮತ್ತೊಂದು ವಿದ್ಯೆಯನ್ನು ಹೊರತೆಗೆದನು. ಈಗ ಕೃತಕ ಬುದ್ಧಿಯ ಯಂತ್ರಗಳು ಮಸುಕಾದ ಚಿತ್ರವನ್ನು ಸ್ಪಷ್ಟ ಮಾಡಿಕೊಡುತ್ತವೆಯಷ್ಟೆ. ಅಂಥದೊಂದಕ್ಕೆ ಅಜ್ಜಿಯ ನಾಲ್ಕು ನಿಮಿಷಗಳನ್ನು ಒಪ್ಪಿಸಿದನು. ಮರುದಿನ ತಂದು ತೋರಿಸಿದಾಗ ನಾವು ಬೆರಗಾದೆವು. ಕೆನ್ನೆ, ಹುಬ್ಬು, ಕಣ್ಣಿನ ರೆಪ್ಪೆ ಎಲ್ಲವೂ ಒಡೆದು ಕಾಣುತ್ತಿದ್ದವು. ಬಾಯಿ ತೆರೆದಾಗ ಮುತ್ತು ಪೋಣಿಸಿದಂತೆ ಹಲ್ಲುಗಳ ಸಾಲು. ತಾಯಿಯವರು ಫೋನನ್ನು ಹತ್ತಿರ ಹಿಡಿದು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರೋ ಇವಳು?" ಎಂದರು. ಮುಂದಿನ ಎರಡು ಹಲ್ಲು ಅಜ್ಜಿಗೆ ಆ ಮದುವೆಗೆ ಐದು ವರ್ಷ ಮೊದಲೇ ಬಿದ್ದುಹೋಗಿದ್ದವು. ಯಂತ್ರಕ್ಕೆ ಅದೇನು ಗೊತ್ತು? ಇಲ್ಲದ ಕಡೆ ಸಾವಿರಾರು ಮುಖಗಳನ್ನು ನೋಡಿದ ಅಭ್ಯಾಸಬಲದಿಂದ ಏನನ್ನೋ ತುಂಬಿತ್ತು. ಹುಡುಗನ ಮುಖ ಸಣ್ಣದಾಯಿತು. ಅಮ್ಮನೇ ಅವನ ಬೆನ್ನು ಸವರಿ, "ಚೆಂದವಾಗಿದ್ದಾಳೆ ಕಣೋ. ಆದರೆ ನಮ್ಮಮ್ಮನಲ್ಲ," ಎಂದರು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ಕ್ಯಾಸೆಟ್ಟಿನ ಸುಳಿವು ಸಿಕ್ಕಿದ್ದು ಅಕಸ್ಮಾತ್ತಾಗಿ. ನವರಾತ್ರಿಗೆ ಬಂದ ಸೋದರಮಾವನವರು ಈ ಕಥೆಯನ್ನೆಲ್ಲಾ ಕೇಳಿ, "ಆ ಪೆಟ್ಟಿಗೆ ನಮ್ಮ ಅಟ್ಟದ ಮೇಲೆ ಇದ್ದೀತು ಮಾರಾಯ, ನೀನೇ ಅಲ್ಲವೇ ಕೊಟ್ಟದ್ದು?" ಎಂದರು. ಅಡಿಕೆಯ ಗೋಣಿಗಳ ಹಿಂದೆ ಅದು ಸಿಕ್ಕಿತು. ಮಲೆನಾಡಿನ ಮಳೆಗೆ ಬೂಸಲು ಹಿಡಿಯದ ವಸ್ತು ಯಾವುದುಂಟು? ಕಿಂಡಿಯಿಂದ ನೋಡಿದರೆ ಸುರುಳಿಯ ಅಂಚಿಗೆ ಬಿಳಿಯ ಬೂಸಲು ಹೂಬಿಟ್ಟಂತೆ ಕುಳಿತಿತ್ತು. ಅಂಥ ಟೇಪನ್ನು ಹಾಗೆಯೇ ಯಂತ್ರಕ್ಕೆ ಹಾಕಿದರೆ ಟೇಪೂ ಕೆಡುತ್ತದೆ, ಓದುವ ತಲೆಗೂ ಬೂಸಲು ಮೆತ್ತುತ್ತದೆ. ಯಂತ್ರವಾದರೂ ಎಲ್ಲಿದೆ? ಕಡೆಯವರೆಗೂ ವಿ.ಸಿ.ಆರ್. ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪೆನಿಯೂ 2016ರ ಜುಲೈ ತಿಂಗಳಿಗೆ ನಿಲ್ಲಿಸಿತು. ಈಗ ಉಳಿದಿರುವುದು ಹಳೆಯ ಯಂತ್ರಗಳು, ಅವುಗಳನ್ನು ಬಿಚ್ಚಿ ಜೋಡಿಸಬಲ್ಲ ಹಳೆಯ ಜನರು.

ಶಿವಮೊಗ್ಗದಲ್ಲಿ ಅಂಥ ಒಬ್ಬ ಹಿರಿಯ ಛಾಯಾಗ್ರಾಹಕರು ಸಿಕ್ಕಿದರು. ಅವರು ಕ್ಯಾಸೆಟ್ಟಿನ ತಿರುಪುಗಳನ್ನು ಬಿಚ್ಚಿ, ಸುರುಳಿಯನ್ನು ಕೈಯಿಂದ ಮೆಲ್ಲಮೆಲ್ಲಗೆ ತಿರುಗಿಸುತ್ತಾ, ಮೆತ್ತನೆಯ ಬಟ್ಟೆಯಿಂದ ಒರೆಸುತ್ತಾ ಎರಡು ದಿನ ಕುಳಿತರು. ಮೂರನೆಯ ದಿನ ಓಡಿಸಿದರು. ಕಂಪ್ಯೂಟರಿಗೆ ಇಳಿಸಿಕೊಳ್ಳುವುದಕ್ಕೆ ಅವಸರ ಮಾಡುವಂತಿಲ್ಲ; ಮೂರು ಗಂಟೆಯ ಮದುವೆಗೆ ಮೂರು ಗಂಟೆಯೇ ಬೇಕು. ನಾವು ಬೆಂಚಿನ ಮೇಲೆ ಕುಳಿತು ಅಕ್ಕನ ಮದುವೆಯನ್ನು ಇನ್ನೊಂದು ಸಲ ಮಾಡಿಸಿದಂತಾಯಿತು. ಪುರೋಹಿತರು ಎರಡು ಸಲವೂ ಗದರಿಸಿದರು. ಹಾಡಿನ ಮಧ್ಯೆ ಒಂದು ಕಡೆ ಟೇಪು ಮಡಿಚಿಹೋಗಿದ್ದು, ಚಿತ್ರವೆಲ್ಲಾ ಬಿಳಿಯ ಗೀರಾಗಿ ಶಬ್ದವು ಕಡಿದು ಹೋಯಿತು. ಅದಕ್ಕೆ ಉಪಾಯವಿಲ್ಲವೆಂದು ಅವರು ಕೈ ತಿರುಗಿಸಿದರು.

ಈ ಸಲ ನಾವು ಎಚ್ಚರಗೆಟ್ಟಿರಲಿಲ್ಲ. ಇಳಿಸಿದ ಮೂಲವನ್ನು, ಸುಮಾರು 11 ಜಿ.ಬಿ.ಯಷ್ಟಿದ್ದುದನ್ನು, ಮುಟ್ಟದೆ ಹಾಗೆಯೇ ಎರಡು ಬೇರೆ ಬೇರೆ ಡಿಸ್ಕುಗಳಲ್ಲಿಟ್ಟು, ಒಂದನ್ನು ಅಕ್ಕನ ಮನೆಗೆ ಕಳಿಸಿದೆವು. ಕ್ಯಾಸೆಟ್ಟನ್ನು ಬೆಚ್ಚನೆಯ ಕಪಾಟಿನಲ್ಲಿಟ್ಟೆವು. ಫೋನಿಗೆ ಬೇಕಾದ ಪ್ರತಿಯನ್ನು ಮೂಲದಿಂದ ಬೇರೆಯಾಗಿ ಎಂಪಿ4ಕ್ಕೆ, ಎಚ್. 264 ಲಿಪಿಗೆ ಬದಲಾಯಿಸಿದೆವು. ಅದು 2 ಜಿ.ಬಿ. ಆಯಿತು. ಮೊದಲ ಸಲ ಅಜ್ಜಿ ಕೈಯಾಡಿಸಿದಾಗಲೆಲ್ಲಾ ಬೆರಳುಗಳ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳಿ ಕಾಣಿಸಿತು. ಹಳೆಯ ಟೆಲಿವಿಷನ್ನಿನ ಪದ್ಧತಿಯಲ್ಲಿ ಚಿತ್ರವನ್ನು ಇಡಿಯಾಗಿ ಬರೆಯದೆ, ಬೆಸಸಂಖ್ಯೆಯ ಗೆರೆಗಳು ಒಂದು ಸಲ, ಸಮಸಂಖ್ಯೆಯವು ಮತ್ತೊಂದು ಸಲ, ಹೀಗೆ ಕ್ಷಣಕ್ಕೆ ಐವತ್ತು ಅರೆಚಿತ್ರಗಳನ್ನು ಬರೆಯುತ್ತಿದ್ದರಂತೆ. ಫೋನು ಎರಡನ್ನೂ ಒಟ್ಟಿಗೆ ತೋರಿಸುವುದರಿಂದ, ನಡುವೆ ಕೈ ಸರಿದಿದ್ದರೆ ಸೀಳು ಕಾಣುತ್ತದೆ. ಪರಿವರ್ತಿಸುವಾಗ ಡೀಇಂಟರ್ಲೇಸ್ ಎಂಬ ಕಡೆ ಗುರುತು ಹಾಕಿದರೆ ಸರಿಹೋಗುತ್ತದೆ. ಹಾಕಿದೆವು, ಸರಿಹೋಯಿತು. ಸೋದರಮಾವನವರಿಗೆ ವಾಟ್ಸಾಪಿನಲ್ಲಿ ಕಳಿಸಿದ ತುಣುಕು ಮಾತ್ರ ಮತ್ತೆ ಹಿಂಡಿ ಮಸುಕಾಗಿ ಹೋಗಿತ್ತು. ವಿಡಿಯೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದಂತೆ ತಲಪುತ್ತದೆಂದು ಆಮೇಲೆ ತಿಳಿಯಿತು.

ಸಂಜೆ ದೀಪ ಹಚ್ಚಿದ ಮೇಲೆ ತಾಯಿಯವರ ಮುಂದೆ ಫೋನನ್ನು ಒಂದು ಮಣೆಗೆ ಒರಗಿಸಿ ಇಟ್ಟೆವು. ಅಜ್ಜಿ ಕಂಬಕ್ಕೆ ಒರಗಿ, ಬಿದ್ದ ಹಲ್ಲುಗಳ ಸಂದಿನಿಂದ ಹಾಡತೊಡಗಿದರು. ಅಮ್ಮ ಮುಖವನ್ನು ನೋಡುತ್ತಾರೆಂದು ನಾವು ಕಾದಿದ್ದರೆ ಅವರು ಕಣ್ಣು ಮುಚ್ಚಿಕೊಂಡರು. "ಬಳೆ ಕೇಳಿಸಿತೇ?" ಎಂದರು. ನಾವು ಗಮನಿಸಿರಲಿಲ್ಲ. ಮತ್ತೆ ಹಾಕಿದೆವು. ತೊಡೆಯ ಮೇಲೆ ತಾಳ ಬಿದ್ದಾಗಲೆಲ್ಲಾ ಗಾಜಿನ ಬಳೆಗಳು ಸಣ್ಣಗೆ ಕಿಣಿಕಿಣಿ ಎನ್ನುತ್ತಿದ್ದವು. ಹದಿನಾರು ವರ್ಷ ನಮ್ಮ ಕಾರ್ಡಿನಲ್ಲಿದ್ದ ಹಾಡಿನಲ್ಲಿ ಆ ಸದ್ದು ಇರಲೇ ಇಲ್ಲ. ಮೂರನೆಯ ಸಲ ಹಾಕಿದಾಗ ಅಮ್ಮ ತಾವೂ ಮೆಲ್ಲಗೆ ದನಿಗೂಡಿಸಿದರು. ಮೂರನೆಯ ನುಡಿ ಬಂದಿತು, ನಾಲ್ಕನೆಯದೂ ಬಂದಿತು. ಟೇಪು ಮಡಿಚಿದ ಎಡೆಯಲ್ಲಿ ಪರದೆಯ ಮೇಲೆ ಬಿಳಿಯ ಗೀರುಗಳೆದ್ದು ಅಜ್ಜಿಯ ಧ್ವನಿ ಕಡಿದು ಹೋಯಿತು. ಅಮ್ಮನ ಧ್ವನಿ ನಿಲ್ಲಲಿಲ್ಲ. ಅಕ್ಕನ ಮಗನು ತನ್ನ ಫೋನನ್ನು ಮೆಲ್ಲಗೆ ತೆಗೆದು ಅವರ ಕಡೆ ಹಿಡಿದನು.