ತೊಂಬತ್ತೆರಡು ವರ್ಷ ಕಾದ ಭಾಗಾಕಾರ

4294967297. ಹತ್ತು ಅಂಕಿಗಳ ಈ ಸಂಖ್ಯೆಯನ್ನು ನಾನೂರ ಇಪ್ಪತ್ತೊಂಬತ್ತು ಕೋಟಿ ನಲವತ್ತೊಂಬತ್ತು ಲಕ್ಷ ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೇಳು ಎಂದು ಓದಬೇಕು. ನೋಟಕ್ಕೆ ಇದರಲ್ಲಿ ಯಾವ ವಿಶೇಷವೂ ಕಾಣದು. ಆದರೆ ಒಬ್ಬ ಮಹಾಮೇಧಾವಿಯ ನಂಬಿಕೆಯನ್ನು ಮುರಿದ ಸಂಖ್ಯೆ ಇದು.

ಇದರ ಹುಟ್ಟು ಬಹು ಸರಳ. ಎರಡನ್ನು ಎರಡರಿಂದಲೇ ಗುಣಿಸಿದರೆ 4. ನಾಲ್ಕನ್ನು ನಾಲ್ಕರಿಂದ ಗುಣಿಸಿದರೆ 16. ಹೀಗೆಯೇ ಬಂದ ಫಲವನ್ನು ಅದರಿಂದಲೇ ಗುಣಿಸುತ್ತ ಹೋದರೆ 256, 65536, 4294967296 ದೊರೆಯುತ್ತವೆ. ಮೊದಲಿನ ಎರಡೂ ಸೇರಿದಂತೆ ಇವುಗಳಿಗೆ ಒಂದೊಂದನ್ನು ಕೂಡಿಸಿದಾಗ 3, 5, 17, 257, 65537 ಎಂಬ ಸಾಲು ಬರುತ್ತದೆ. ಆರನೆಯದೇ ಈ ಕಥೆಯ ನಾಯಕ.

ಮೊದಲಿನ ಐದೂ ಅವಿಭಾಜ್ಯ ಸಂಖ್ಯೆಗಳು. ಒಂದು ಮತ್ತು ತಮ್ಮನ್ನುಳಿದು ಬೇರಾವ ಸಂಖ್ಯೆಯಿಂದಲೂ ಅವು ನಿಶ್ಶೇಷವಾಗಿ ಭಾಗವಾಗವು. ಫ್ರಾನ್ಸ್ ದೇಶದ ತೂಲೂಸ್ ನಗರದಲ್ಲಿ ನ್ಯಾಯಾಧಿಕಾರಿಯಾಗಿದ್ದು, ಬಿಡುವಿನ ವೇಳೆಯನ್ನೆಲ್ಲ ಗಣಿತಕ್ಕೆ ಮೀಸಲಿಟ್ಟಿದ್ದ ಪಿಯರ್ ದ ಫರ್ಮಾ ಇದನ್ನು ಕಂಡನು. ಸಾಲು ಎಷ್ಟೇ ಮುಂದುವರಿದರೂ ಬರುವ ಸಂಖ್ಯೆಗಳೆಲ್ಲ ಅವಿಭಾಜ್ಯಗಳೇ ಎಂದು 1640ರಲ್ಲಿ ಮಿತ್ರರಿಗೆ ಬರೆದನು. ಸಾಧನೆ ತನಗಿನ್ನೂ ದೊರೆತಿಲ್ಲವೆಂದು ಒಪ್ಪಿಕೊಂಡನಾದರೂ ಅವನ ನಂಬಿಕೆ ಸಡಿಲಲಿಲ್ಲ. ಐದು ಬಾರಿ ನಿಜವಾದುದು ಆರನೆಯ ಬಾರಿಯೂ ನಿಜವಾದೀತೆಂದು ಎಣಿಸುವುದು ಮನುಷ್ಯಸಹಜವಷ್ಟೆ!

1729ರಲ್ಲಿ ಗೋಲ್ಡ್‌ಬಾಕ್ ಎಂಬ ವಿದ್ವಾಂಸನು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ ತರುಣ ಆಯ್ಲರನಿಗೆ ಪತ್ರ ಬರೆದು ಈ ಮಾತಿನತ್ತ ಅವನ ಗಮನ ಸೆಳೆದನು. 1732ರಲ್ಲಿ, ತನ್ನ ಇಪ್ಪತ್ತೈದನೆಯ ವಯಸ್ಸಿನಲ್ಲಿ, ಆಯ್ಲರನು ಉತ್ತರವನ್ನು ಜಗತ್ತಿನ ಮುಂದಿಟ್ಟನು:

641 × 6700417 = 4294967297.

ಗುಣಾಕಾರ ಬಲ್ಲ ಯಾವ ವಿದ್ಯಾರ್ಥಿಯಾದರೂ ಇದನ್ನು ಪರೀಕ್ಷಿಸಿ ನೋಡಬಹುದು. ಅದಕ್ಕೆ ಕಾಲು ಗಳಿಗೆ ಸಾಕು. 2, 3, 5, 7 ಎಂದು ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸುತ್ತ ಹೋಗಿದ್ದರೂ 116ನೆಯ ಪ್ರಯತ್ನದಲ್ಲಿ ಗುಟ್ಟು ಹೊರಬೀಳುತ್ತಿತ್ತು. ಅಷ್ಟು ಭಾಗಾಕಾರಗಳನ್ನು ಮಾಡುವವರಿಲ್ಲದೆ ತೊಂಬತ್ತೆರಡು ವರ್ಷ ಕಳೆದವು.

ಅಷ್ಟು ಶ್ರಮವೂ ಅನಾವಶ್ಯಕವೆಂದು ಆಯ್ಲರನು ಮುಂದೆ ತೋರಿಸಿಕೊಟ್ಟನು. ಈ ಸಂಖ್ಯೆಗೆ ಅವಿಭಾಜ್ಯ ಭಾಜಕವೊಂದು ಇರುವುದಾದರೆ ಅದನ್ನು 64ರಿಂದ ಭಾಗಿಸಿದಾಗ ಶೇಷ ಒಂದೇ ಉಳಿಯಬೇಕು. ಅಂತಹ ಅವಿಭಾಜ್ಯಗಳು ಕ್ರಮವಾಗಿ 193, 257, 449, 577, 641. ನಾಲ್ಕು ಸೋಲು; ಐದನೆಯದು ಗೆಲುವು!

ವಿಚಿತ್ರವೆಂದರೆ, ಭಾಜಕಗಳ ರೂಪವನ್ನು ಮೊದಲೇ ಗೊತ್ತುಮಾಡಿಕೊಂಡು ಹುಡುಕುವ ಉಪಾಯವನ್ನು ಫರ್ಮಾ ಚೆನ್ನಾಗಿ ಬಲ್ಲವನಾಗಿದ್ದನು. ಹನ್ನೆರಡು ಅಂಕಿಗಳ 137438953471 ಎಂಬ ಸಂಖ್ಯೆಯನ್ನು 223 ನಿಶ್ಶೇಷವಾಗಿ ಭಾಗಿಸುವುದೆಂದು ಅದೇ 1640ರಲ್ಲಿ ಕಂಡುಹಿಡಿದವನು ಅವನೇ. ಪರರ ಮಾತನ್ನು ಒರೆಗೆ ಹಚ್ಚಿದ ಆ ಉಪಾಯ ತನ್ನ ಮಾತಿನ ಬಳಿಗೆ ಬಂದಾಗ ಏಕೆ ಮೌನವಾಯಿತೋ!

ಸಾಲಿನ ಏಳನೆಯ ಸಂಖ್ಯೆಗೆ ಇಪ್ಪತ್ತು ಅಂಕಿಗಳು: 18446744073709551617. ಅದನ್ನು 1880ರಲ್ಲಿ ಲಾಂಡ್ರಿ ಎಂಬ ಫ್ರೆಂಚ್ ಗಣಿತಜ್ಞನು ಒಡೆದನು. ಅದರ ಒಂದು ಭಾಜಕ 274177. ಆಮೇಲಿನವುಗಳಲ್ಲಿ ಇದುವರೆಗೆ ಪರೀಕ್ಷೆಗೆ ಒಳಗಾದ ಯಾವುದೂ ಅವಿಭಾಜ್ಯವೆಂದು ಕಂಡುಬಂದಿಲ್ಲ.