ಇರ್ತಲೆ ಹಾವಿಗೆ ಎಷ್ಟು ತಲೆ?

ಜಗಳೂರಿನ ಕಡೆ ಹೊಲ ಉಳುವಾಗ ದಪ್ಪನೆಯ ಕಂದು ಹಾವೊಂದು ಮಣ್ಣಿನಿಂದ ಮೇಲೆದ್ದರೆ ಸಾಕು, ‘ಎರಡು ತಲೆ ಹಾವು!’ ಎಂಬ ಕೂಗೇಳುತ್ತದೆ. ಆರು ತಿಂಗಳು ಈ ತಲೆ ಮುಂದು, ಆರು ತಿಂಗಳು ಆ ತಲೆ ಮುಂದು ಎಂಬ ಅಜ್ಜಿಯ ಮಾತು ಹೊನ್ನಾಳಿ, ನ್ಯಾಮತಿ, ಚನ್ನಗಿರಿಯ ಮಕ್ಕಳಿಗೂ ಹೊಸದಲ್ಲ.

ಆದರೆ ಮಣ್ಣುಮುಕ್ಕ ಎಂದೂ ಕರೆಯುವ ಈ ಹಾವಿಗೆ ಇರುವುದು ಒಂದೇ ತಲೆ. ಬಾಲ ಮೊಂಡಾಗಿರುವುದರಿಂದ ತಲೆಯಂತೆ ಕಾಣುತ್ತದೆ. ಶತ್ರು ಬಂದಾಗ ಅದು ತಲೆಯನ್ನು ಸುರುಳಿಯಡಿ ಬಚ್ಚಿಟ್ಟು ಬಾಲ ಎತ್ತಿ ತೋರಿಸುತ್ತದೆ. ಪೆಟ್ಟು ಬಾಲಕ್ಕೆ ಬಿದ್ದರೆ ಪ್ರಾಣ ಉಳಿಯುತ್ತದೆ.

ಈ ಉಪಾಯವೇ ಮನುಷ್ಯನೆದುರು ಅದಕ್ಕೆ ಮುಳುವಾಗಿದೆ. ಮನೆಯಲ್ಲಿಟ್ಟರೆ ಅದೃಷ್ಟ ಬರುತ್ತದೆಂದು ನಂಬಿಸಿ, ಲಕ್ಷಗಟ್ಟಲೆ ರೂಪಾಯಿಗೆ ಮಾರಲು ಹೋಗಿ ಸಿಕ್ಕಿಬಿದ್ದವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಇದನ್ನು ಹಿಡಿಯುವುದೂ ಮಾರುವುದೂ ಅಪರಾಧ.

ನಿಜವಾಗಿಯೂ ಎರಡು ತಲೆಯ ಹಾವುಗಳು ಅಪರೂಪಕ್ಕೆ ಹುಟ್ಟುವುದುಂಟು. ಭ್ರೂಣ ಅವಳಿಯಾಗಿ ಒಡೆಯುತ್ತಾ ಅರ್ಧಕ್ಕೇ ನಿಂತರೆ ಹೀಗಾಗುತ್ತದೆ. ಆಗ ಎರಡು ತಲೆಗಳೂ ಒಂದೇ ತುದಿಯಲ್ಲಿರುತ್ತವೆ. ಒಂದು ಅತ್ತ, ಒಂದು ಇತ್ತ ಎಳೆಯುವ ಅಂಥ ಮರಿ ಕಾಡಿನಲ್ಲಿ ಬಹುಕಾಲ ಬದುಕುವುದು ಕಷ್ಟ.

ಮಣ್ಣುಮುಕ್ಕನಿಗೆ ವಿಷವಿಲ್ಲ. ಹೊಲದ ಇಲಿಗಳನ್ನು ತಿಂದು ರೈತನ ಬೆಳೆ ಉಳಿಸುತ್ತದೆ. ಕಣ್ಣಿಗೆ ಬಿದ್ದಾಗ ಅದನ್ನು ಬದುವಿನಾಚೆ ಹರಿದುಹೋಗಲು ಬಿಟ್ಟರೆ ಸಾಕು.